ಸಂಘದ ಲೆಕ್ಕದ ಕಣಜ ಯಾರ ಕೈಯಲ್ಲಿರಬೇಕು?

ಬೆಳೆಗಾರರ ಸಣ್ಣ ಸಂಘಗಳಲ್ಲಿ, ಹತ್ತಾರು ಜನ ಕೂಡಿ ಕಟ್ಟಿಕೊಂಡ ಉತ್ಪಾದಕ ಕಂಪನಿಗಳಲ್ಲಿ, ಮನೆಯಲ್ಲೇ ಕಾಫಿ ಹುರಿದು ಪುಡಿಮಾಡಿ ಮಾರುವ ಕುಟುಂಬಗಳಲ್ಲಿ ಕೂಡ ಈಗ ಗಣಕಯಂತ್ರ ಬಂದು ಕುಳಿತಿದೆ. ಯಂತ್ರ ಕೊಳ್ಳುವಾಗ ನಾಲ್ಕು ಅಂಗಡಿ ತಿರುಗಿ ದರ ವಿಚಾರಿಸುವ ನಾವು, ಅದರೊಳಗೆ ನಮ್ಮ ಲೆಕ್ಕ ತುಂಬಿಡುವ ಡೇಟಾಬೇಸ್ ಯಾವುದು, ಅದು ಯಾರ ಸ್ವತ್ತು, ನಾಳೆ ಬೇಕೆಂದರೆ ನಮ್ಮ ಲೆಕ್ಕವನ್ನು ನಾವೇ ಹೊರಗೆ ತೆಗೆಯಲು ಬರುತ್ತದೆಯೇ ಎಂದು ಕೇಳುವುದು ಕಡಿಮೆ. ಮಾರಲು ಬಂದವರು ಪರದೆಯ ಮೇಲೆ ಬಣ್ಣದ ಪಟ್ಟಿಗಳನ್ನು ತೋರಿಸುತ್ತಾರೆ, ಆಡಳಿತ ಮಂಡಳಿ ತಲೆದೂಗುತ್ತದೆ, ಠರಾವು ಆಗುತ್ತದೆ. ಖರೀದಿಯ ದಿನ ಕಾಣುವ ಬೆಲೆಗಿಂತ ಹತ್ತು ವರ್ಷದ ನಂತರ ಬಿಟ್ಟುಹೊರಡುವ ಬೆಲೆಯನ್ನು ನೋಡಿ ಡೇಟಾಬೇಸ್ ಆರಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಸದಸ್ಯ ಬಾಂಧವರ ಮುಂದಿಡುತ್ತೇವೆ.

ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ಪರದೆಯ ಮೇಲೆ ಗುಮಾಸ್ತರು ತೂಕ ಬರೆಯುವ ಕಿಟಕಿ, ಚೀಟಿ ಮುದ್ರಿಸುವ ಗುಂಡಿ ಇವೆಲ್ಲ ಸಾಫ್ಟ್‌ವೇರಿನ ಮೇಲ್ಮುಖ. ಬರೆದದ್ದೆಲ್ಲ ಹೋಗಿ ಸೇರುವ ಕಣಜ ಹಿಂದೆ ಇರುತ್ತದೆ, ಅದೇ ಡೇಟಾಬೇಸ್. ಕಣಜದ ಬಾಗಿಲು ಬದಲಾದರೆ ಭತ್ತ ಕೆಡುವುದಿಲ್ಲ; ಕಣಜವೇ ಬೇರೆಯವರದಾದರೆ ಭತ್ತವೂ ಅವರ ಮರ್ಜಿಯಲ್ಲಿ. ಇಂದಿನ ಬಹುತೇಕ ಡೇಟಾಬೇಸ್‌ಗಳ ಹಿಂದಿರುವ ತತ್ತ್ವವನ್ನು 1970ರಲ್ಲಿ ಐಬಿಎಂ ಕಂಪನಿಯಲ್ಲಿದ್ದ ಎಡ್ಗರ್ ಕಾಡ್ ಎಂಬ ವಿಜ್ಞಾನಿ ಬರೆದಿಟ್ಟರು. ಸದಸ್ಯರದೊಂದು ಕೋಷ್ಟಕ, ಮಾಲಿನದೊಂದು ಕೋಷ್ಟಕ, ತೂಕದ ಚೀಟಿಯದೊಂದು ಕೋಷ್ಟಕ. ಒಂದು ಸಂಗತಿಯನ್ನು ಒಂದೇ ಕಡೆ ಬರೆದು, ಉಳಿದ ಕಡೆಗಳಲ್ಲಿ ಅದರ ಸಂಖ್ಯೆಯನ್ನು ಮಾತ್ರ ಹೇಳುವುದು. ನಮ್ಮ ಹಿರಿಯ ಶಾನುಭೋಗರಿಗೆ ಇದು ಹೊಸದೆನಿಸುತ್ತಿರಲಿಲ್ಲ.

ಅನೇಕ ಸಂಘಗಳು ಇನ್ನೂ ಎಕ್ಸೆಲ್ ಹಾಳೆಗಳಲ್ಲೇ ಎಲ್ಲವನ್ನೂ ಇಟ್ಟಿವೆ. ಐವತ್ತು ಅರವತ್ತು ಸದಸ್ಯರಿರುವ, ಒಬ್ಬರೇ ಬರೆಯುವ ಕಡೆ ಅದರಿಂದ ದೊಡ್ಡ ತೊಂದರೆಯಿಲ್ಲ, ಇರಲಿ. ಆದರೆ ಅಡಿಕೆ ತೂಕದ ಹಾಳೆಯಲ್ಲಿ ಒಬ್ಬರು ‘ಗೊರಬಲು’ ಎಂದೂ ಇನ್ನೊಬ್ಬರು ‘ಗೊರಬಲ್’ ಎಂದೂ ಬರೆದರೆ ಎರಡು ಜಾತಿಯ ಮಾಲಾಗುತ್ತದೆ. ವರ್ಷದ ಕೊನೆಗೆ ಒಟ್ಟು ಹಾಕಿದಾಗ ಒಂದು ಜಾತಿ ಕೈಬಿಟ್ಟಿರುತ್ತದೆ. ಒಂದೇ ಊರಿನಲ್ಲಿ ಒಂದೇ ಹೆಸರಿನ ಮೂವರು ಹೆಗಡೆಯವರಿದ್ದರಂತೂ ಕೇಳುವುದೇ ಬೇಡ. ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 2020ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಹಳೆಯ ನಮೂನೆಯ ಎಕ್ಸೆಲ್ ಕಡತದ ಮೂಲಕ ಸಾಗಿಸುತ್ತಿತ್ತು. ಆ ನಮೂನೆಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮಿತಿ ಮೀರಿದ ಸಾಲುಗಳು ಸದ್ದಿಲ್ಲದೆ ಬಿದ್ದುಹೋಗಿ 15,841 ಸೋಂಕಿತರ ಲೆಕ್ಕ ಸಕಾಲಕ್ಕೆ ಸೇರದೆ, ಅವರ ಸಂಪರ್ಕದಲ್ಲಿದ್ದವರನ್ನು ಹುಡುಕುವ ಕೆಲಸ ತಡವಾಯಿತು. ಹೊಸ ಎಕ್ಸೆಲ್‌ನಲ್ಲಿ ಹತ್ತು ಲಕ್ಷಕ್ಕೂ ಮೀರಿ ಸಾಲು ಹಿಡಿಯುತ್ತದೆ, ನಿಜ. ಆದರೂ ಹಾಳೆ ಹಾಳೆಯೇ. ತಪ್ಪು ಬರೆದಾಗ ‘ಇದು ಸರಿಯಲ್ಲ’ ಎಂದು ತಾನಾಗಿ ತಡೆಯುವ ಗುಣ ಅದಕ್ಕಿಲ್ಲ.

ಹಾಗಾದರೆ ನಮ್ಮಂಥವರಿಗೆ ಎಷ್ಟು ದೊಡ್ಡ ಕಣಜ ಬೇಕು? ಇಲ್ಲೊಂದು ಅಂದಾಜು ಹಾಕೋಣ. ಸಂಘದಲ್ಲಿ 800 ಸದಸ್ಯರಿದ್ದಾರೆಂದೂ ಪ್ರತಿಯೊಬ್ಬರೂ ವರ್ಷಕ್ಕೆ 10 ಸಲ ಮಾಲು ತರುತ್ತಾರೆಂದೂ ಇಟ್ಟುಕೊಳ್ಳಿ. ವರ್ಷಕ್ಕೆ 8,000 ನಮೂದು. ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ ಯಂತ್ರದಲ್ಲಿ 3 ಬೈಟ್ ಹಿಡಿಯುತ್ತದೆ. ಧಾರಾಳವಾಗಿ ಒಂದು ನಮೂದಿಗೆ 500 ಬೈಟ್ ಎಂದರೂ ವರ್ಷಕ್ಕೆ 40 ಲಕ್ಷ ಬೈಟ್, ಅಂದರೆ 4 ಎಂಬಿ. ಮದುವೆ ಮನೆಯಲ್ಲಿ ಫೋನಿನಿಂದ ತೆಗೆದ ಒಂದೆರಡು ಫೋಟೋಗಳಷ್ಟು! ಇಪ್ಪತ್ತೈದು ವರ್ಷಕ್ಕೆ 100 ಎಂಬಿ. ಗೊಬ್ಬರ, ತುತ್ತು, ಸುಣ್ಣದ ಮಾರಾಟ, ಸಾಲದ ಖಾತೆ, ಷೇರು ಎಲ್ಲ ಸೇರಿ ಇದರ ಹತ್ತು ಪಟ್ಟಾದರೂ ಒಂದು ಜಿಬಿ. ಆದ್ದರಿಂದ ‘ನಿಮ್ಮ ವ್ಯವಹಾರ ಬೆಳೆಯುತ್ತದೆ, ದೊಡ್ಡದನ್ನೇ ಕೊಳ್ಳಿ’ ಎಂದು ಯಾರಾದರೂ ಹೇಳಿದರೆ ಈ ಲೆಕ್ಕವನ್ನು ಅವರ ಮುಂದಿಡಿ. ಗಾತ್ರ ನಮ್ಮ ಸಮಸ್ಯೆಯಲ್ಲ. ಹಕ್ಕು ಮತ್ತು ಬಾಳಿಕೆ ನಮ್ಮ ಸಮಸ್ಯೆ.

ಹಕ್ಕಿನ ಮಾತು ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತದೆ. ಮೂಲಗೇಣಿಗೂ ಚಾಲಗೇಣಿಗೂ ಇದ್ದ ವ್ಯತ್ಯಾಸ ನಮ್ಮ ಅಜ್ಜಂದಿರಿಗೆ ಚೆನ್ನಾಗಿ ಗೊತ್ತಿತ್ತು. ಮೂಲಗೇಣಿಯವನನ್ನು ಧಣಿ ಸುಲಭವಾಗಿ ಏಳಿಸುವಂತಿರಲಿಲ್ಲ, ಗೇಣಿಯನ್ನು ಮನಬಂದಂತೆ ಏರಿಸುವಂತಿರಲಿಲ್ಲ. ಅದಕ್ಕೇ ಅವನು ಧೈರ್ಯವಾಗಿ ಅಡಿಕೆ ಸಸಿ ನೆಡುತ್ತಿದ್ದ. ಚಾಲಗೇಣಿಯವನಿಗೆ ಆ ಭರವಸೆಯಿರಲಿಲ್ಲ. ಡೇಟಾಬೇಸ್‌ಗಳಲ್ಲೂ ಹೀಗೆಯೇ. ಮುಕ್ತ ಪರವಾನಗಿಯಲ್ಲಿ ಬರುವವು ಮೂಲಗೇಣಿಗಿಂತ ಒಂದು ಕೈ ಮೇಲು, ಏಕೆಂದರೆ ಗೇಣಿಯೇ ಇಲ್ಲ, ಏಳಿಸುವ ಧಣಿಯೂ ಇಲ್ಲ. ತಿಂಗಳ ಬಾಡಿಗೆಯವು, ವರ್ಷಕ್ಕೊಮ್ಮೆ ಬೀಗದ ಸಂಖ್ಯೆ ನವೀಕರಿಸಬೇಕಾದವು ಚಾಲಗೇಣಿ.

ಧಣಿ ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಫಾಕ್ಸ್‌ಪ್ರೊ ನೆನಪಿಗೆ ಬರುತ್ತದೆ. ಒಂದು ಕಾಲಕ್ಕೆ ಸಣ್ಣ ಕಚೇರಿಗಳ ಲೆಕ್ಕದ ಸಾಫ್ಟ್‌ವೇರನ್ನು ಅದರಲ್ಲಿ ಬರೆಯುವುದು ಸಾಮಾನ್ಯವಾಗಿತ್ತು. ಹೊಸ ಆವೃತ್ತಿ ಇನ್ನು ಬರುವುದಿಲ್ಲವೆಂದು ಮೈಕ್ರೋಸಾಫ್ಟ್ 2007ರಲ್ಲಿ ಸಾರಿತು, 2015ರ ಜನವರಿಗೆ ಬೆಂಬಲವೂ ನಿಂತಿತು. ಅದನ್ನೇ ನಂಬಿದ್ದವರು ಹಳೆಯ ಯಂತ್ರವನ್ನು ಮುರಿಯದಂತೆ ಕಾಪಾಡಿಕೊಂಡು ಕೂರಬೇಕಾಯಿತು. ಇದಕ್ಕೆ ಎದುರಾಗಿ ಮೈಎಸ್‌ಕ್ಯೂಎಲ್‌ನ ಕಥೆ ನೋಡಿ. 1995ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಈ ಡೇಟಾಬೇಸನ್ನು 2008ರಲ್ಲಿ ಸನ್ ಕಂಪನಿ ಕೊಂಡಿತು. 2010ರಲ್ಲಿ ಆ ಸನ್ ಕಂಪನಿಯನ್ನೇ ಒರಾಕಲ್ ಕೊಂಡಿತು. ಡೇಟಾಬೇಸ್ ಮಾರಿಯೇ ದೊಡ್ಡದಾದ ಒರಾಕಲ್ ಕೈಗೆ ಹೋದ ಮೇಲೆ ಉಚಿತ ಡೇಟಾಬೇಸಿನ ಗತಿಯೇನೆಂದು ಜನ ಹೆದರಿದ್ದು ಸಹಜ. ಆದರೆ ಪರವಾನಗಿ ಮುಕ್ತವಾಗಿತ್ತು. ಮೂಲ ಕರ್ತರಲ್ಲೊಬ್ಬರಾದ ಮೈಕೆಲ್ ವಿಡೇನಿಯಸ್ ಅದೇ ಬರಹವನ್ನು ತೆಗೆದುಕೊಂಡು 2009ರಲ್ಲೇ ಮಾರಿಯಾಡಿಬಿ ಎಂಬ ಕವಲು ತೆಗೆದಿದ್ದರು. ಮೊದಲನೆಯದಕ್ಕೆ ಹಿರಿಯ ಮಗಳು ಮೈ ಅವರ ಹೆಸರು, ಎರಡನೆಯದಕ್ಕೆ ಕಿರಿಯ ಮಗಳು ಮಾರಿಯಾ ಅವರ ಹೆಸರು. ಕಾನೂನು ಬಲ್ಲ ಧಣಿಯ ಕೈಗೆ ತೋಟ ಹೋದರೂ ಒಕ್ಕಲು ಏಳಬೇಕಾಗಲಿಲ್ಲ.

ಈಗ ಆಯ್ಕೆಗಳ ವಿಷಯಕ್ಕೆ ಬರೋಣ.

ಒಂದೇ ಮೇಜು, ಒಂದೇ ಯಂತ್ರ ಇರುವ ಕಡೆಗೆ ಎಸ್‌ಕ್ಯೂಲೈಟ್ ಸಾಕು. ರಿಚರ್ಡ್ ಹಿಪ್ ಎಂಬವರು 2000ದಲ್ಲಿ ಹೊರತಂದ ಇದು ಸಾರ್ವಜನಿಕ ಸ್ವತ್ತು. ಹಕ್ಕುಸ್ವಾಮ್ಯವನ್ನೇ ಬಿಟ್ಟುಕೊಟ್ಟಿದ್ದಾರೆ, 2050ರವರೆಗೆ ನೋಡಿಕೊಳ್ಳುವುದಾಗಿ ಮಾತೂ ಕೊಟ್ಟಿದ್ದಾರೆ. ಇದನ್ನು ಯಾರೂ ಕಂಡಿಲ್ಲವೆಂದು ಹೇಳುವ ಹಾಗಿಲ್ಲ, ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ಸಂದೇಶಗಳು ಕುಳಿತಿರುವುದು ಇದರಲ್ಲೇ. ಸಂಘದ ಇಡೀ ಲೆಕ್ಕ ಒಂದೇ ಕಡತವಾಗಿರುತ್ತದೆ. ಸಂಜೆ ಕೆಲಸ ಮುಗಿಸಿ ಆ ಕಡತವನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡರೆ ಅಂದಿನ ಕಾಪು ಮುಗಿಯಿತು. ಎರಡು ಎಚ್ಚರಿಕೆ ಬೇಕು. ಒಂದು ಹೊತ್ತಿಗೆ ಒಬ್ಬರೇ ಬರೆಯಬಲ್ಲರು, ಹಾಗಾಗಿ ಕಚೇರಿಯ ಜಾಲದಲ್ಲಿ ಕಡತವನ್ನು ಹಂಚಿಟ್ಟು ಮೂರು ಯಂತ್ರಗಳಿಂದ ತೆರೆಯುವ ಸಾಹಸ ಬೇಡ. ಇನ್ನೊಂದು, ತೂಕದ ಅಂಕಣದಲ್ಲಿ ‘ಐವತ್ತು’ ಎಂದು ಅಕ್ಷರದಲ್ಲಿ ಬರೆದರೂ ಇದು ಒಪ್ಪಿಕೊಂಡುಬಿಡುವಷ್ಟು ಉದಾರಿ. 2021ರ ಆವೃತ್ತಿಯಿಂದೀಚೆಗೆ ಕಟ್ಟುನಿಟ್ಟಿನ ಕೋಷ್ಟಕ ಮಾಡಿಕೊಳ್ಳುವ ಅವಕಾಶವಿದೆ; ಬರೆದುಕೊಡುವವರಿಗೆ ಅದನ್ನೇ ಬಳಸುವಂತೆ ಹೇಳಬೇಕು.

ಮೈಕ್ರೋಸಾಫ್ಟಿನ ಆ್ಯಕ್ಸೆಸ್ ಕಡತ 2 ಜಿಬಿಗೆ ನಿಲ್ಲುತ್ತದೆ. ಅದೇ ಕಂಪನಿಯ ಎಸ್‌ಕ್ಯೂಎಲ್ ಸರ್ವರ್‌ನ ಎಕ್ಸ್‌ಪ್ರೆಸ್ ಆವೃತ್ತಿ ಪುಕ್ಕಟೆ; ಬಹುಕಾಲ ಒಂದು ಡೇಟಾಬೇಸಿಗೆ 10 ಜಿಬಿ ಮಿತಿಯಿದ್ದದ್ದು 2025ರ ಆವೃತ್ತಿಯಲ್ಲಿ 50ಕ್ಕೆ ಏರಿದೆ. ಮೇಲಿನ ಲೆಕ್ಕದ ಪ್ರಕಾರ ನಮಗೆ ಅದು ಧಾರಾಳ. ಆದರೆ ಮಿತಿಯನ್ನು ಏರಿಸುವುದೂ ಇಳಿಸುವುದೂ ಧಣಿಯ ಕೈಯಲ್ಲಿದೆ. ಈಗಾಗಲೇ ಅದರಲ್ಲಿ ಕೆಲಸ ಸಾಗುತ್ತಿದ್ದರೆ ಕಿತ್ತೆಸೆಯಿರಿ ಎನ್ನುವುದಿಲ್ಲ. ಹೊಸದಾಗಿ ನೆಡುವವರು ಅದನ್ನೇ ನೆಡಬೇಕಾದ ಕಾರಣವೂ ನಮಗೆ ಕಾಣುವುದಿಲ್ಲ.

ತೂಕದ ಕಟ್ಟೆ ಒಂದು ಕಡೆ, ಗೊಬ್ಬರದ ಗೋದಾಮು ಇನ್ನೊಂದು ಕಡೆ, ಕಚೇರಿ ಮತ್ತೊಂದು ಕಡೆ ಎಂದು ಇಬ್ಬರು ಮೂವರು ಒಟ್ಟಿಗೆ ಬರೆಯುವ ಸಂಘಗಳಿಗೆ ಮಾರಿಯಾಡಿಬಿ ಇಲ್ಲವೇ ಪೋಸ್ಟ್‌ಗ್ರೆಸ್‌ಕ್ಯೂಎಲ್ ಬೇಕು. ಎರಡೂ ಉಚಿತ, ಎರಡೂ ಸಾಧಾರಣ ಯಂತ್ರದಲ್ಲಿ ಓಡುತ್ತವೆ. ನಮ್ಮ ಒಲವು ಎರಡನೆಯದರ ಕಡೆಗೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ತಂಡ 1986ರಲ್ಲಿ ಆರಂಭಿಸಿದ ಕೆಲಸ ಅದು. 1996ರಲ್ಲಿ ಈಗಿನ ಹೆಸರು ಬಂತು. ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲದ್ದರಿಂದ ಕೊಳ್ಳಲು ಬರುವವರಿಗೆ ಕೊಳ್ಳಲು ಏನೂ ಸಿಗುವುದಿಲ್ಲ! ಸಂಖ್ಯೆಯ ವಿಷಯದಲ್ಲಿ ಅದು ಬಿಗಿ. ರೂಪಾಯಿ ಪೈಸೆಯನ್ನು ದಶಮಾಂಶದಲ್ಲಿ ಕರಾರುವಾಕ್ಕಾಗಿ ಹಿಡಿಯುತ್ತದೆ, ಇಲ್ಲದ ಸದಸ್ಯ ಸಂಖ್ಯೆಗೆ ತೂಕ ಬರೆಯಲು ಹೋದರೆ ನಿರಾಕರಿಸುತ್ತದೆ.

ಕಾಫಿ ಬೆಳೆಗಾರರಿಗೆ ಇನ್ನೊಂದು ಕಾರಣವಿದೆ. ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಅರಣ್ಯನಾಶ ತಡೆಯ ಕಾನೂನಿನ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ. ಕಾಫಿ ಯಾವ ತುಂಡು ನೆಲದಿಂದ ಬಂತೆಂದು ಅಕ್ಷಾಂಶ ರೇಖಾಂಶ ಸಮೇತ ತೋರಿಸಬೇಕು. 4 ಹೆಕ್ಟೇರಿಗಿಂತ ಚಿಕ್ಕ ಹಿಡುವಳಿಗೆ ಒಂದು ಬಿಂದು ಸಾಕು, ಅದಕ್ಕಿಂತ ದೊಡ್ಡದಕ್ಕೆ ಗಡಿಯ ರೇಖೆಯೇ ಬೇಕು. ಜಾರಿಯ ದಿನ ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದೆ. ಹಾಗೆಂದು ಕಾನೂನು ಹೋಗಿಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಜೊತೆಗೆ ಪೋಸ್ಟ್‌ಜಿಐಎಸ್ ಎಂಬ ಉಚಿತ ಸೇರ್ಪಡೆ ಹಾಕಿಕೊಂಡರೆ ತೋಟದ ಗಡಿಯೂ ಚೀಲದ ಲೆಕ್ಕವೂ ಒಂದೇ ಕಣಜದಲ್ಲಿ ಕೂರುತ್ತವೆ. ನಾಲ್ಕು ಎಕರೆಯವನ ರೊಬಸ್ಟಾ ಚೆರಿಯನ್ನು ದೊಡ್ಡವರ ಮಾಲಿನ ಜೊತೆ ಸಂಶಯದಿಂದ ನೋಡುವ ದಿನ ಬಂದರೆ, ಸಂಘದ ದಾಖಲೆ ಬಿಟ್ಟು ಅವನಿಗೆ ಬೇರೆ ಸಾಕ್ಷಿ ಎಲ್ಲಿದೆ? ಪೂಲ್ ಕಾಲದಲ್ಲಿ ಕಾಫಿ ಒಪ್ಪಿಸಿದ ಮೇಲೆ ಹಣ ಕಂತು ಕಂತಾಗಿ ಬರುತ್ತಿತ್ತು, ಆ ಚೀಟಿಯನ್ನು ವರ್ಷಗಟ್ಟಲೆ ಕಬ್ಬಿಣದ ಪೆಟ್ಟಿಗೆಯಲ್ಲಿ ಕಾಪಾಡುತ್ತಿದ್ದೆವು. ಪೂಲ್ 1996ಕ್ಕೆ ಮುಗಿಯಿತು. ಚೀಟಿಯನ್ನು ಕಾಪಾಡುವ ಅಗತ್ಯ ಬೇರೆ ರೂಪದಲ್ಲಿ ತಿರುಗಿ ಬಂದಿದೆ.

ಉಚಿತವೆಂದರೆ ಖರ್ಚಿಲ್ಲವೆಂದು ಯಾರೂ ತಿಳಿಯಬಾರದು. ಪುಕ್ಕಟೆ ಸಿಕ್ಕ ಸಸಿಗೂ ಗೊಬ್ಬರ, ನೆರಳು, ಆಳು ಬೇಕೇ ಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಒಂದೊಂದು ಮುಖ್ಯ ಆವೃತ್ತಿಗೆ ಐದು ವರ್ಷ ಮಾತ್ರ ಆರೈಕೆ. ಅಷ್ಟರೊಳಗೆ ಹೊಸದಕ್ಕೆ ಏರಿಸಿಕೊಳ್ಳಬೇಕು. ಆ ಕೆಲಸ ಬಲ್ಲವರು ತಾಲ್ಲೂಕಿನಲ್ಲಿ, ಹೋಗಲಿ ಜಿಲ್ಲೆಯಲ್ಲಿ ಯಾರಿದ್ದಾರೆ ಎಂದು ಮೊದಲೇ ವಿಚಾರಿಸಬೇಕು. ಅವರಿಗೆ ಮಾರಿಯಾಡಿಬಿ ಚೆನ್ನಾಗಿ ಗೊತ್ತಿದ್ದು ಇನ್ನೊಂದು ಗೊತ್ತಿಲ್ಲವಾದರೆ ಮಾರಿಯಾಡಿಬಿಯನ್ನೇ ಆರಿಸಿ. ನಮ್ಮ ಒಲವನ್ನು ಬದಿಗಿಡಿ. ಮೂರು ಸಂಘಗಳು ಕೂಡಿ ಒಬ್ಬ ತರುಣ ತಂತ್ರಜ್ಞನಿಗೆ ವರ್ಷದ ಸಂಭಾವನೆ ಗೊತ್ತುಮಾಡಿಕೊಂಡರೆ, ಪರವಾನಗಿಗೆ ಕೊಡಬೇಕಾಗಿದ್ದ ಹಣ ಊರಿನಲ್ಲೇ ಉಳಿಯುತ್ತದೆ.

ಕ್ಲೌಡ್ ಎಂಬ ದೂರದ ಬಾಡಿಗೆ ಕಣಜದ ಬಗ್ಗೆ ಸದಸ್ಯರು ಕೇಳುತ್ತಿರುತ್ತಾರೆ. ಸಿಡಿಲಿಗೆ ಯಂತ್ರ ಸುಟ್ಟರೂ ಲೆಕ್ಕ ಉಳಿಯುತ್ತದೆಂಬ ಅನುಕೂಲ ನಿಜ. ಏಪ್ರಿಲ್ ಮೇ ತಿಂಗಳ ಗುಡುಗಿನಲ್ಲಿ ಮೋಡೆಮ್ ಕಳೆದುಕೊಂಡವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಗುಡುಗಿನಲ್ಲಿ ಇಂಟರ್‌ನೆಟ್ ನಾಲ್ಕು ದಿನ ಬಾರದಿದ್ದರೆ ತೂಕದ ಕಟ್ಟೆಯ ಮುಂದೆ ಜೀಪುಗಳು ಸಾಲುಗಟ್ಟುತ್ತವೆ. ಲೆಕ್ಕ ಕಚೇರಿಯಲ್ಲಿರಲಿ, ಅದರ ನಕಲು ದೂರದಲ್ಲಿರಲಿ ಎಂಬುದೇ ನಮ್ಮ ಮಾತು. ಮತ್ತೆ, ಡೇಟಾಬೇಸನ್ನು ಬೀಗವಿಲ್ಲದೆ ಇಂಟರ್‌ನೆಟ್ಟಿಗೆ ತೆರೆದಿಡುವುದು ಅಂಗಳದಲ್ಲಿ ಅಡಿಕೆ ಹರವಿ ಮದುವೆಗೆ ಹೋದ ಹಾಗೆ. 2017ರ ಜನವರಿಯಲ್ಲಿ ಗುಪ್ತಪದವಿಲ್ಲದೆ ತೆರೆದುಕೊಂಡಿದ್ದ ಸಾವಿರಾರು ಮೊಂಗೋಡಿಬಿ ಡೇಟಾಬೇಸ್‌ಗಳನ್ನು ಕಳ್ಳರು ಬರಿದು ಮಾಡಿ ಒತ್ತೆಹಣ ಕೇಳಿದರು. ಸದಸ್ಯರ ಆಧಾರ್, ಬ್ಯಾಂಕ್ ಖಾತೆ ನಮ್ಮಲ್ಲಿವೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ ಕಾಯಿದೆಯೂ ಆಗಿದೆ.

ಕನ್ನಡದ ವಿಷಯವನ್ನು ಯಾರೂ ಕೇಳುವುದಿಲ್ಲವಾದ್ದರಿಂದ ನಾವೇ ಹೇಳುತ್ತೇವೆ. ಹಳೆಯ ನುಡಿ, ಬರಹ ಅಕ್ಷರಮಾದರಿಗಳಲ್ಲಿ ಟೈಪು ಮಾಡಿಟ್ಟ ಹೆಸರುಗಳು ಯಂತ್ರದ ಒಳಗೆ ಇಂಗ್ಲಿಷ್ ಅಕ್ಷರಗಳ ಗೋಜಲು; ಆ ಅಕ್ಷರಮಾದರಿಯಿಲ್ಲದ ಕಡೆ ತೆರೆದರೆ ಹೆಸರೂ ಇಲ್ಲ, ಹುಡುಕಲೂ ಬಾರದು. ಅವನ್ನು ಒಮ್ಮೆಗೇ ಯೂನಿಕೋಡಿಗೆ ಪರಿವರ್ತಿಸಿಯೇ ಹೊಸ ಕಣಜಕ್ಕೆ ತುಂಬಬೇಕು. ಮೈಎಸ್‌ಕ್ಯೂಎಲ್‌ನ ಹಳೆಯ ಆವೃತ್ತಿಗಳು, ಅದು ಹುಟ್ಟಿದ ನಾಡಿಗೆ ತಕ್ಕಂತೆ, ಏನೂ ಹೇಳದಿದ್ದರೆ ಸ್ವೀಡನ್ನಿನ ಕ್ರಮದ ಲ್ಯಾಟಿನ್ ಲಿಪಿಯನ್ನೇ ಹಿಡಿಯುತ್ತಿದ್ದವು. ಕನ್ನಡ ಬರೆದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತಿತ್ತು. 2018ರ ಎಂಟನೇ ಆವೃತ್ತಿಯಿಂದ ಇದು ಸರಿಹೋಗಿದೆ. ಆದರೂ ಕೊಳ್ಳುವ ಮೊದಲು ‘ಬೆಟ್ಟೆ’, ‘ಚಾಲಿ’, ‘ಶ್ರೀಕೃಷ್ಣ’ ಎಂದು ಬರೆದು, ಮುಚ್ಚಿ, ತೆರೆದು ನೋಡುವುದಕ್ಕೆ ಐದು ನಿಮಿಷ ಸಾಕು. ಸದಸ್ಯನ ಹೆಸರು ಪಹಣಿಯಲ್ಲಿರುವಂತೆ ಸಂಘದ ಚೀಟಿಯಲ್ಲೂ ಇರಬೇಕು.

ಇನ್ನು ಕರೆಂಟು. ತೂಕದ ಚೀಟಿ ಬರೆದು, ಸದಸ್ಯನ ಖಾತೆಗೆ ಜಮಾ ಮಾಡುವ ನಡುವೆ ಕರೆಂಟು ಹೋದರೆ ಹಾಳೆಯಲ್ಲಿ ಅರ್ಧ ಕೆಲಸ ಉಳಿಯುತ್ತದೆ. ಮೇಲೆ ಹೇಳಿದ ಡೇಟಾಬೇಸ್‌ಗಳು ಎರಡನ್ನೂ ಬರೆಯುತ್ತವೆ, ಇಲ್ಲವೇ ಎರಡನ್ನೂ ಬಿಡುತ್ತವೆ; ಮೊದಲು ದಿನಚರಿಯಲ್ಲಿ ಗುರುತು ಹಾಕಿಕೊಂಡು ಆಮೇಲೆ ಖಾತೆಗೆ ಏರಿಸುವ ಕ್ರಮ ಅವುಗಳದು. ಮಲೆನಾಡಿನವರಿಗೆ ಬೇರೆಲ್ಲ ಗುಣಕ್ಕಿಂತ ಈ ಗುಣವೇ ಹೆಚ್ಚು.

ಅಷ್ಟಾದರೂ ತಟ್ಟೆ ಕೆಡಬಹುದು, ಕೈತಪ್ಪಬಹುದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಹೆಸರಾಂತ ಕಂಪನಿಯಲ್ಲಿ ಒಬ್ಬ ಇಂಜಿನಿಯರ್ ಅಳಿಸಬೇಕಾದ ಯಂತ್ರ ಬಿಟ್ಟು ಅಸಲಿ ಡೇಟಾಬೇಸನ್ನೇ ಅಳಿಸಿದರು. ಐದು ಬಗೆಯ ಕಾಪು ವ್ಯವಸ್ಥೆಗಳಿದ್ದವೆಂದು ನಂಬಿದ್ದರು. ಹುಡುಕಿದಾಗ ನೆಚ್ಚುವಂಥದ್ದು ಒಂದೂ ಇರಲಿಲ್ಲ. ಆರು ಗಂಟೆ ಮೊದಲು ಯಾವುದೋ ಬೇರೆ ಕೆಲಸಕ್ಕೆ ತೆಗೆದಿದ್ದ ನಕಲೊಂದು ಮಾನ ಉಳಿಸಿತು. ನಕಲು ತೆಗೆದಿಡುವುದು ಬೇರೆ, ಆ ನಕಲಿನಿಂದ ಲೆಕ್ಕ ಎಬ್ಬಿಸಿ ನೋಡುವುದು ಬೇರೆ. ಮೂರು ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ನಕಲನ್ನು ತೆರೆದು, ಯಾವುದಾದರೂ ಇಬ್ಬರು ಸದಸ್ಯರ ಖಾತೆ ತಾಳೆ ನೋಡಿ, ನೋಡಿದವರು ಪುಸ್ತಕದಲ್ಲಿ ರುಜು ಹಾಕಬೇಕು. ಕೊಳೆ ಕಾಣಿಸಿಕೊಂಡ ಮೇಲೆ ಬೋರ್ಡೋ ಕಲಸುವವರು ಉಳಿಸಿಕೊಳ್ಳುವುದು ಎಷ್ಟೆಂದು ನಮಗೆಲ್ಲ ಗೊತ್ತು.

‘ಸರ್ಕಾರವೇ ಮಾಡಿಕೊಡುತ್ತದಲ್ಲ’ ಎಂಬ ಮಾತೂ ಇದೆ. ಕೇಂದ್ರ ಸರ್ಕಾರ 2022ರಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಒಂದೇ ರಾಷ್ಟ್ರೀಯ ಸಾಫ್ಟ್‌ವೇರ್, ನಬಾರ್ಡಿನ ಉಸ್ತುವಾರಿ. ಪತ್ತಿನ ಸಂಘಗಳಿಗೆ ಅದು ಒಳ್ಳೆಯದೇ, ಆಗಲಿ. ಆದರೆ ಅದು ಸಾಲ ವಸೂಲಿಯನ್ನು ಮುಂದಿಟ್ಟುಕೊಂಡು ಹೊರಟ ವ್ಯವಸ್ಥೆ. ಮಾರಾಟದ ಸಂಘ, ಉತ್ಪಾದಕ ಕಂಪನಿ, ಪುಡಿ ಮಾರುವ ಕುಟುಂಬ ಇವರ ತೂಕ, ತೇವಾಂಶ, ಔಟ್‌ಟರ್ನ್ ಲೆಕ್ಕವನ್ನು ಅವರವರೇ ಇಡಬೇಕು.

ಸಾಫ್ಟ್‌ವೇರ್ ಬರೆಸುವವರು ಕರಾರಿನಲ್ಲಿ ಒಂದು ಷರತ್ತು ತಪ್ಪದೆ ಸೇರಿಸಬೇಕು: ಡೇಟಾಬೇಸಿನ ಆಡಳಿತದ ಗುಪ್ತಪದ ಸಂಘದ ತಿಜೋರಿಯಲ್ಲಿ ಮೊಹರು ಹಾಕಿದ ಲಕೋಟೆಯಲ್ಲಿರಬೇಕು, ಎಲ್ಲ ಕೋಷ್ಟಕಗಳನ್ನೂ ಸರಳ ಪಠ್ಯದ ಕಡತಗಳಾಗಿ ನಾವು ಕೇಳಿದ ದಿನ ಕೊಡಬೇಕು. ಇದಕ್ಕೆ ಒಪ್ಪದವರು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ನಮ್ಮ ಭಾಗದ ಒಂದು ಸಂಘದಲ್ಲಿ ಹಳೆಯ ಖಾತೆಗಳು ಯಂತ್ರದಲ್ಲಿ ಕಣ್ಣೆದುರೇ ಇವೆ, ಗುಪ್ತಪದ ಬಲ್ಲವನು ಊರು ಬಿಟ್ಟಿದ್ದಾನೆ. ತಂದೆಯ ಹೆಸರಿನ ಷೇರನ್ನು ಮಕ್ಕಳಿಗೆ ವರ್ಗ ಮಾಡಬೇಕಾದಾಗಲೆಲ್ಲ ಕಾರ್ಯದರ್ಶಿ ರಟ್ಟಿನ ಪುಸ್ತಕ ಹುಡುಕುತ್ತಾರೆ.

ಬದಲಾಯಿಸುವವರಿಗೆ ಮಳೆಗಾಲದ ಬಿಡುವೇ ತಕ್ಕ ಸಮಯ. ಆಗಸ್ಟ್ ಒಳಗೆ ಹಳೆಯ ಹೆಸರುಗಳನ್ನು ಶುದ್ಧ ಮಾಡಿಕೊಂಡು, ಸೆಪ್ಟೆಂಬರಿನಲ್ಲಿ ಕಣಜ ತುಂಬಿ, ಅಡಿಕೆ ಕೊಯ್ಲಿನ ಮೊದಲ ಮಾಲಿನಿಂದ ಅರೇಬಿಕಾ ಮುಗಿಯುವವರೆಗೆ ಕೈಬರಹದ ಪುಸ್ತಕವನ್ನೂ ಜೊತೆಗೆ ನಡೆಸತಕ್ಕದ್ದು. ಗುಮಾಸ್ತರಿಗೆ ಅದು ಇಮ್ಮಡಿ ಕೆಲಸ. ಆ ಋತುವಿಗೆ ಅವರ ಸಂಬಳಕ್ಕೆ ಏನಾದರೂ ಸೇರಿಸಿಕೊಡುವ ಬಗ್ಗೆ ಮಂಡಳಿ ಈಗಲೇ ಯೋಚಿಸಲಿ.